ಡಿಗ್ರಿ ತರದೆ ವಾಪಸಾದ ಹುಡುಗ

ಆರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಅರ್ಧ ಜನರ ಮಾತು ಒಂದೇ ಕಡೆ ತಿರುಗುತ್ತೆ. ಯಾವ ದೇಶ, ಯಾವ ಯೂನಿವರ್ಸಿಟಿ, ಎಷ್ಟು ಸ್ಕೋರ್ ಬೇಕು, ಎಷ್ಟು ಲೋನ್ ಸಿಗುತ್ತೆ. ಅಲ್ಲಿ ಹೋಗಿ ಏನು ನೋಡ್ತೀವಿ, ಬರುವಾಗ ಏನು ಹೊತ್ತು ತರ್ತೀವಿ ಅನ್ನೋ ಪ್ರಶ್ನೆ ಮಾತ್ರ ಆ ಎಕ್ಸೆಲ್ ಶೀಟ್‌ನ ಯಾವ ಕಾಲಮ್ಮಿನಲ್ಲೂ ಇರೋದಿಲ್ಲ. ಈ ಸಲದ ಜೀವನಚಿತ್ರಕ್ಕೆ ನಾವು ರವೀಂದ್ರನಾಥ ಟಾಗೋರರನ್ನು ಆರಿಸಿಕೊಂಡಿದ್ದು ಈ ಕಾರಣಕ್ಕೇ. ರಾಷ್ಟ್ರಗೀತೆ, ನೊಬೆಲ್, ಗಡ್ಡ ಇವು ಮೂರೂ ಎಲ್ಲರಿಗೂ ಗೊತ್ತು. ವಿದೇಶದಲ್ಲಿ ಓದೋದು ಹೇಗಿರಬೇಕು ಅಂತ ಸುಮಾರು ಮೂವತ್ತೈದು ವರ್ಷ ತಲೆಕೆಡಿಸಿಕೊಂಡು, ದುಡ್ಡು ಸುರಿದು, ಕೆಲವು ಸಲ ಕೈ ಸುಟ್ಟುಕೊಂಡ ಟಾಗೋರ್ ಅಷ್ಟಾಗಿ ಗೊತ್ತಿಲ್ಲ.

ಟಾಗೋರ್ ಹುಟ್ಟಿದ್ದು 1861ರ ಮೇ 7ರಂದು, ಕೋಲ್ಕತ್ತದ ಜೋಡಾಸಾಂಕೋ ಮನೆಯಲ್ಲಿ. ಶ್ರೀಮಂತ ಮನೆ, ದೇವೇಂದ್ರನಾಥರ ದೊಡ್ಡ ಸಂಸಾರದ ಕಿರಿಯ ಮಗ. ಸ್ಕೂಲು ಅಂದ್ರೆ ಆಗ್ತಿರಲಿಲ್ಲ. ಒಂದಾದ ಮೇಲೊಂದು ಶಾಲೆ ಬದಲಾಯಿಸಿದರು, ಯಾವುದರಲ್ಲೂ ನಿಲ್ಲಲಿಲ್ಲ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಪಕ್ಕಾ ಅಟೆಂಡೆನ್ಸ್ ಶಾರ್ಟೇಜ್ ಕೇಸು.

ಆ ಕಾಲದ ಅನುಕೂಲಸ್ಥ ಬಂಗಾಳಿ ಮನೆಗಳಲ್ಲಿ ವಿದೇಶ ಅಂದ್ರೆ ಎರಡೇ: ಒಂದು ಐಸಿಎಸ್ ಪರೀಕ್ಷೆ, ಇನ್ನೊಂದು ಬ್ಯಾರಿಸ್ಟರ್ ಪಟ್ಟ. ಅಣ್ಣ ಸತ್ಯೇಂದ್ರನಾಥರು ಐಸಿಎಸ್ ಸೇರಿದ ಮೊದಲ ಭಾರತೀಯರು. ತಮ್ಮನನ್ನೂ ದಾರಿಗೆ ತರೋಣ ಅಂತ 1878ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಜೊತೆಗೆ ಕರೆದುಕೊಂಡು ಇಂಗ್ಲೆಂಡಿಗೆ ಹೋದರು. ಮೊದಲು ಬ್ರೈಟನ್, ಆಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜು. ಕಾನೂನು ಓದಬೇಕಾಗಿದ್ದ ಹುಡುಗ ಇಂಗ್ಲಿಷ್ ಸಾಹಿತ್ಯದ ತರಗತಿಯಲ್ಲಿ ಕೂತ, ಉಳಿದುಕೊಂಡಿದ್ದ ಮನೆಯವರ ಜೊತೆ ಪಿಯಾನೋ ಸುತ್ತ ನಿಂತು ಹಾಡು ಕಲಿತ, ಐರಿಷ್ ಮತ್ತು ಸ್ಕಾಟಿಷ್ ಧಾಟಿಗಳನ್ನು ತಲೆಯಲ್ಲಿ ತುಂಬಿಕೊಂಡ. ಎರಡು ವರ್ಷ ತುಂಬುವ ಮೊದಲೇ ಅಪ್ಪನಿಂದ ವಾಪಸ್ ಬಾ ಅಂತ ಆದೇಶ ಬಂತು. 1880ರಲ್ಲಿ ಹಡಗಿನಿಂದ ಇಳಿದಾಗ ಕೈಯಲ್ಲಿ ಯಾವ ಡಿಗ್ರಿಯೂ ಇರಲಿಲ್ಲ. ಮರುವರ್ಷ ಇನ್ನೊಂದು ಸಲ ಹೊರಟು, ಮದ್ರಾಸಿನವರೆಗೆ ಹೋಗಿ, ಅಲ್ಲಿಂದಲೇ ಮರಳಿ ಬಂದದ್ದೂ ಉಂಟು.

ಸಂಬಂಧಿಕರ ಲೆಕ್ಕದಲ್ಲಿ ಇದು ಪೂರ್ತಿ ನಷ್ಟದ ಬಾಬತ್ತು. ಆದರೆ 1881ರಲ್ಲಿ ಅದೇ ಮನೆಯಲ್ಲಿ ಒಂದು ಗೀತನಾಟಕ ನಡೀತು, ಹೆಸರು ವಾಲ್ಮೀಕಿ ಪ್ರತಿಭಾ. ಬೇಡನೊಬ್ಬ ಕವಿಯಾದ ಕಥೆ ನಮ್ಮದೇ. ಹಾಡುಗಳಲ್ಲಿ ಹಿಂದೂಸ್ತಾನಿ ರಾಗಗಳ ಪಕ್ಕದಲ್ಲೇ ಐರ್ಲೆಂಡಿನ ಧಾಟಿಗಳು ಬಂದು ಕೂತಿದ್ದವು. ವಾಲ್ಮೀಕಿಯ ಪಾತ್ರ ಸ್ವತಃ ರವೀಂದ್ರರದು. ನಮ್ಮ ಪ್ರಕಾರ ಇಡೀ ಕಥೆಯ ಬೀಜ ಇಲ್ಲಿದೆ. ಪರೀಕ್ಷೆಗೆಂದು ಕಳಿಸಿದ ಕೋರ್ಸು ಕೈಕೊಟ್ಟಿತು, ಯಾರೂ ಸಿಲಬಸ್ಸಿನಲ್ಲಿ ಬರೆಯದ ಪಾಠ ಉಳೀತು.

ಮಧ್ಯದ ಕೆಲವು ವರ್ಷಗಳನ್ನು ಬೇಗ ದಾಟೋಣ, ಆದರೆ ಕಾರವಾರವನ್ನು ಬಿಟ್ಟು ಹೋಗೋಕಾಗಲ್ಲ. ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ತಮ್ಮ ಬಂದು ಉಳಿದುಕೊಂಡರು. ಇಪ್ಪತ್ತೆರಡರ ವಯಸ್ಸು. ಪ್ರಕೃತಿರ್ ಪ್ರತಿಶೋಧ್ ಅನ್ನೋ ನಾಟಕ ಆ ಕಡಲ ದಂಡೆಯಲ್ಲೇ ಹುಟ್ಟಿತು. ಆ ಬೀಚಿಗೆ ಇವತ್ತೂ ಅವರದೇ ಹೆಸರಿದೆ. ಆ ವರ್ಷದ ಕೊನೆಗೆ ಮದುವೆ, ಮುಂದೆ ಪೂರ್ವ ಬಂಗಾಳದಲ್ಲಿ ಮನೆತನದ ಜಮೀನು ನೋಡಿಕೊಳ್ಳುವ ಕೆಲಸ. ಪದ್ಮಾ ನದಿಯ ಮೇಲೆ ದೋಣಿಮನೆಯಲ್ಲಿ ಓಡಾಡಿಕೊಂಡು ರೈತರ ಸಾಲ, ಕಾಯಿಲೆ, ಬೆಳೆ ನಷ್ಟ ಎಲ್ಲವನ್ನೂ ಹತ್ತಿರದಿಂದ ಕಂಡರು.

1901ರಲ್ಲಿ ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ಮಕ್ಕಳನ್ನಿಟ್ಟುಕೊಂಡು ಶಾಲೆ ಶುರು ಮಾಡಿದರು. ದುಡ್ಡಿಗಾಗಿ ಪುರಿಯಲ್ಲಿದ್ದ ಮನೆ ಮಾರಿದರು, ಹೆಂಡತಿ ಮೃಣಾಲಿನಿಯ ಒಡವೆಯೂ ಹೋಯಿತು. ಮರುವರ್ಷ ಮೃಣಾಲಿನಿ ತೀರಿಕೊಂಡರು, ಅದರ ಮರುವರ್ಷ ಒಬ್ಬ ಮಗಳು.

ಇಂಥ ಹೊತ್ತಿನಲ್ಲಿ, 1906ರಲ್ಲಿ, ಹಿರಿಯ ಮಗ ರಥೀಂದ್ರನಾಥನನ್ನು ಓದಲು ಹೊರದೇಶಕ್ಕೆ ಕಳಿಸಿದರು. ಆಕ್ಸ್‌ಫರ್ಡಿಗಲ್ಲ, ಲಂಡನ್ನಿನ ಕಾನೂನು ಕಾಲೇಜಿಗೂ ಅಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ, ಕೃಷಿ ವಿಜ್ಞಾನ ಓದೋಕೆ. ಜೊತೆಗೆ ಶಾಲೆಯ ಇನ್ನೊಬ್ಬ ವಿದ್ಯಾರ್ಥಿ ಸಂತೋಷಚಂದ್ರ ಮಜುಂದಾರ್. ಕವಿಯ ಮಗ ಮಣ್ಣು ಪರೀಕ್ಷೆ ಕಲಿಯೋದು ಅಂದ್ರೆ ಆಗಿನ ಕೋಲ್ಕತ್ತದ ಮಂದಿ ಮುಖ ಮುಖ ನೋಡಿಕೊಂಡಿರಬೇಕು. ಆದರೆ ಲೆಕ್ಕ ಸ್ಪಷ್ಟವಾಗಿತ್ತು: ದೋಣಿಯಿಂದ ಕಂಡ ಆ ರೈತರಿಗೆ ಬ್ಯಾರಿಸ್ಟರ್‌ನಿಂದ ಏನೂ ಆಗಬೇಕಾಗಿರಲಿಲ್ಲ. 1907ರಲ್ಲಿ ಕಿರಿಯ ಮಗ ಶಮೀಂದ್ರ, ಹನ್ನೊಂದು ತುಂಬುವ ಮೊದಲೇ, ಕಾಲರಾದಿಂದ ತೀರಿಕೊಂಡ. ಹಿರಿಯವನು ಆಗ ಅಮೆರಿಕದಲ್ಲೇ ಇದ್ದ. 1909ರಲ್ಲಿ ಪದವಿ ಮುಗಿಸಿ ಬಂದ ರಥೀಂದ್ರ ಶಿಲಾಯಿದಹದ ಜಮೀನಿನಲ್ಲಿ ಮಾದರಿ ಹೊಲ ಮಾಡಿದ, ಮಣ್ಣು ಪರೀಕ್ಷೆಗೆ ಸಣ್ಣ ಲ್ಯಾಬ್ ಕಟ್ಟಿದ, ಅಮೆರಿಕದ ಜೋಳದ ಬೀಜ ತರಿಸಿದ.

ಗೀತಾಂಜಲಿಯ ಇಂಗ್ಲಿಷ್ ರೂಪ 1912ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು, 1913ರಲ್ಲಿ ನೊಬೆಲ್ ಬಂತು. ಈ ಕಥೆ ಎಲ್ಲಾ ಕಡೆ ಸಿಗುತ್ತೆ. ನಮಗೆ ಬೇಕಾದ್ದು ಆಮೇಲಿನದು. ಆಮೇಲೆ ಟಾಗೋರರನ್ನು ಜಗತ್ತಿನ ನಾಲ್ಕೂ ದಿಕ್ಕಿನಿಂದ ಭಾಷಣಕ್ಕೆ ಕರೆಯತೊಡಗಿದರು. ಭಾಷಣಕ್ಕೆ ಅಂತ ಹೋಗುವ ಹಡಗಿನಲ್ಲಿ ಇನ್ನೂ ನಾಲ್ಕು ಜನರನ್ನು ಕೂರಿಸಿಕೊಂಡು ಹೋದರೆ ಹೇಗೆ ಅನ್ನೋದು ಅವರು ಕಂಡುಕೊಂಡ ಉಪಾಯ.

ಮೊದಲ ಪ್ರಯೋಗ 1916ರದು. ಜಪಾನಿಗೆ ಹೊರಟ ತೋಸಾ ಮಾರು ಹಡಗಿನಲ್ಲಿ ಆಂಡ್ರೂಸ್, ಪಿಯರ್ಸನ್ ಅವರ ಜೊತೆ ಶಾಂತಿನಿಕೇತನದ ಹುಡುಗ ಮುಕುಲ್ ದೇ ಇದ್ದ. ಚಿತ್ರ ಬರೆಯುವವನು. ಜಪಾನಿನ ದೊಡ್ಡ ಚಿತ್ರಕಾರರ ಕೆಲಸವನ್ನು ಹತ್ತಿರದಿಂದ ನೋಡಿ, ಅಲ್ಲಿಂದ ಟಾಗೋರರ ಜೊತೆಯಲ್ಲೇ ಅಮೆರಿಕಕ್ಕೂ ಹೋಗಿ, ಷಿಕಾಗೋದಲ್ಲಿ ಎಚ್ಚಿಂಗ್ ಕಲಿತ. ಎಚ್ಚಿಂಗ್ ಅಂದ್ರೆ ನಮ್ಮ ಇಸಿ ಹುಡುಗರಿಗೆ ಬೇಗ ಅರ್ಥ ಆಗುತ್ತೆ. ತಾಮ್ರದ ತಗಡಿನ ಮೇಲೆ ಆಸಿಡ್ ತಾಗದ ಲೇಪ ಹಚ್ಚಿ, ಸೂಜಿಯಿಂದ ಗೆರೆ ಕೆರೆದು, ಆಸಿಡ್‌ನಲ್ಲಿ ಅದ್ದೋದು. ಲೇಪ ಹೋದ ಕಡೆ ಮಾತ್ರ ತಾಮ್ರ ಕರಗುತ್ತೆ, ಆ ಗೆರೆಯಲ್ಲಿ ಮಸಿ ತುಂಬಿ ಕಾಗದಕ್ಕೆ ಒತ್ತಿದರೆ ಚಿತ್ರ. ನಾವು ಫೆರಿಕ್ ಕ್ಲೋರೈಡ್‌ನಲ್ಲಿ ಪಿಸಿಬಿ ಅದ್ದಿ ಕೈಯೆಲ್ಲ ಹಳದಿ ಮಾಡಿಕೊಳ್ತೀವಲ್ಲ, ಅದೇ ತತ್ವ. ಇದೇ ಮುಕುಲ್ ದೇ 1928ರಲ್ಲಿ ಕೋಲ್ಕತ್ತದ ಸರ್ಕಾರಿ ಕಲಾಶಾಲೆಗೆ ಪ್ರಿನ್ಸಿಪಾಲ್ ಆದರು, ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯರು. (ನಮ್ಮ ಮೈಸೂರಿನ ಕೆ. ವೆಂಕಟಪ್ಪ ಅದಕ್ಕೂ ಮುಂಚೆ, ಮಹಾರಾಜರ ನೆರವಿನಿಂದ, ಇದೇ ಶಾಲೆಗೆ ಹೋಗಿ ಟಾಗೋರರ ದಾಯಾದಿ ಅಣ್ಣನ ಮಗ ಅವನೀಂದ್ರನಾಥರ ಕೈಕೆಳಗೆ ಕಲಿತು ಬಂದಿದ್ದರು. ಊರು ಬಿಟ್ಟು ಹೋಗೋದಕ್ಕೆ ಪಾಸ್‌ಪೋರ್ಟೇ ಬೇಕು ಅಂತೇನಿಲ್ಲ.)

ಹೋದದ್ದಕ್ಕೆ ಬದಲಾಗಿ ಬಂದವರೂ ಇದ್ದರು. ಜಪಾನಿ ಚಿತ್ರಕಾರ ಅರಾಯಿ ಕಂಪೋ ಕೋಲ್ಕತ್ತಕ್ಕೆ ಬಂದು ಜೋಡಾಸಾಂಕೋ ಮನೆಯಲ್ಲಿ ಕುಂಚ ಹಿಡಿಯುವ ರೀತಿ ಕಲಿಸಿದರು, ಅಜಂತಾ ಚಿತ್ರಗಳ ನಕಲು ಮಾಡಿಕೊಂಡು ಹೋದರು.

ಇಲ್ಲಿಂದ ವಿಶ್ವಭಾರತಿಯ ಯೋಚನೆ ಗಟ್ಟಿಯಾಯಿತು. 1919ರಲ್ಲಿ ಕಲಾಭವನ ಶುರುವಾಯಿತು, 1921ರ ಡಿಸೆಂಬರ್‌ನಲ್ಲಿ ವಿಶ್ವಭಾರತಿಯ ಉದ್ಘಾಟನೆ ಆಯಿತು. ಮೊದಲ ಅತಿಥಿ ಪ್ರಾಧ್ಯಾಪಕರು ಪ್ಯಾರಿಸ್ಸಿನಿಂದ ಬಂದ ಸಿಲ್ವಾನ್ ಲೆವಿ. ಕಲೆಯ ಇತಿಹಾಸಕ್ಕೆ ವಿಯೆನ್ನಾದ ಸ್ಟೆಲಾ ಕ್ರಾಮ್ರಿಷ್, ಇನ್ನೂ ಇಪ್ಪತ್ತರ ಹರೆಯದವರು. ಪಕ್ಕದ ಸುರುಲ್ ಹಳ್ಳಿಯಲ್ಲಿ 1922ರಲ್ಲಿ ಶ್ರೀನಿಕೇತನ ಶುರು ಮಾಡಿದವರು ಲೆನಾರ್ಡ್ ಎಲ್ಮ್‌ಹರ್ಸ್ಟ್. ಕೇಂಬ್ರಿಡ್ಜ್‌ನಲ್ಲಿ ಇತಿಹಾಸ ಓದಿ, ಕಾರ್ನೆಲ್‌ನಲ್ಲಿ ಕೃಷಿ ಓದಿ ಬಂದ ಇಂಗ್ಲಿಷ್ ಯುವಕ. ಸಂಸ್ಕೃತ, ಚಿತ್ರ, ಸಂಗೀತ, ಮಲೇರಿಯಾ, ಗೊಬ್ಬರ, ಚರ್ಮದ ಕೆಲಸ ಎಲ್ಲವೂ ಎರಡು ಮೂರು ಕಿಲೋಮೀಟರಿನೊಳಗೆ. ಒಂದು ವಿಭಾಗದವರು ಇನ್ನೊಂದು ವಿಭಾಗಕ್ಕೆ ಹೋಗಲು ಹೆಚ್‌ಒಡಿ ಸಹಿ ಬೇಕಾಗಿರಲಿಲ್ಲ!

1924ರ ಚೀನಾ ಪ್ರವಾಸದ ತಂಡ ನೋಡಿ. ಕ್ಷಿತಿಮೋಹನ ಸೇನರು ಸಂಸ್ಕೃತ ಮತ್ತು ಸಂತವಾಣಿಯ ಪಂಡಿತರು, ನಂದಲಾಲ ಬೋಸರು ಚಿತ್ರಕಾರರು, ಕಾಲಿದಾಸ ನಾಗರು ಇತಿಹಾಸಕಾರರು, ಎಲ್ಮ್‌ಹರ್ಸ್ಟ್ ಕೃಷಿಯವರು. ಟಾಗೋರ್ ವೇದಿಕೆಯ ಮೇಲೆ ಮಾತಾಡುವಾಗ ಉಳಿದವರು ಅವರವರ ಜಾಡು ಹಿಡಿದು ಹೋಗುತ್ತಿದ್ದರು. ಸಂಜೆ ಒಂದೇ ಕಡೆ ಸೇರಿದಾಗ ಒಂದೇ ದೇವಾಲಯವನ್ನು ಒಬ್ಬ ಗೆರೆಯಲ್ಲಿ, ಒಬ್ಬ ಕಾಲಮಾನದಲ್ಲಿ, ಒಬ್ಬ ಭಕ್ತಿಯಲ್ಲಿ ಕಂಡಿರೋದು ಸಾಧ್ಯವಾಗುತ್ತಿತ್ತು.

ಆ ಪ್ರವಾಸ ಸಲೀಸಾಗೇನೂ ಇರಲಿಲ್ಲ. ಬೀಜಿಂಗ್‌ನ ಒಂದು ಗುಂಪಿನ ವಿದ್ಯಾರ್ಥಿಗಳು ಸಭೆಯಲ್ಲಿ ಕರಪತ್ರ ಹಂಚಿ ಪ್ರತಿಭಟಿಸಿದರು. ಅವರ ದೇಶ ಬಡತನದಲ್ಲಿ, ಯುದ್ಧನಾಯಕರ ಕೈಯಲ್ಲಿ ಒದ್ದಾಡುತ್ತಿತ್ತು. ಅವರಿಗೆ ಬೇಕಾದ್ದು ವಿಜ್ಞಾನ, ಯಂತ್ರ, ಹಕ್ಕು. ಹೊರಗಿನಿಂದ ಬಂದ ಹಿರಿಯರೊಬ್ಬರು ಏಷ್ಯಾದ ಆತ್ಮದ ಬಗ್ಗೆ ಹೇಳಿದರೆ ಸಿಟ್ಟು ಬರೋದು ಸಹಜ. ಎಂಜಿನಿಯರಿಂಗ್ ಓದುವ ನಾವು ಅರ್ಧದಷ್ಟಾದರೂ ಆ ಹುಡುಗರ ಕಡೆಗೇ ಇದ್ದೀವಿ ಅಂತ ಒಪ್ಪಿಕೊಳ್ತೀವಿ. ಟಾಗೋರ್ ಮುಂದಿನ ಕೆಲವು ಭಾಷಣಗಳನ್ನು ಕೈಬಿಟ್ಟರು.

ಆದರೆ ಅದೇ ಬೀಜಿಂಗ್‌ನಲ್ಲಿ ಮೇ 8ರಂದು ಅವರ ಹುಟ್ಟುಹಬ್ಬಕ್ಕೆ ಅಲ್ಲಿನ ಯುವಕರ ಇನ್ನೊಂದು ಗುಂಪು ಅವರ ಚಿತ್ರಾ ನಾಟಕವನ್ನು ಇಂಗ್ಲಿಷಿನಲ್ಲಿ ಆಡಿತು. ಚಿತ್ರಾ ಪಾತ್ರ ಮಾಡಿದವಳು ಲಿನ್ ಹುಯಿಯಿನ್, ಇಪ್ಪತ್ತೂ ತುಂಬದ ಹುಡುಗಿ. ಕೆಲವೇ ವಾರಗಳಲ್ಲಿ ಅವಳು ಲಿಯಾಂಗ್ ಸಿಚೆಂಗ್ ಜೊತೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೊರಟಳು, ವಾಸ್ತುಶಿಲ್ಪ ಓದೋಕೆ. ಅಲ್ಲಿ ಆ ವಿಭಾಗಕ್ಕೆ ಹೆಂಗಸರನ್ನು ಸೇರಿಸಿಕೊಳ್ತಿರಲಿಲ್ಲ. ಲಲಿತಕಲೆಯ ವಿಭಾಗಕ್ಕೆ ಸೇರಿ ವಾಸ್ತುಶಿಲ್ಪದ ತರಗತಿಗಳಲ್ಲಿ ಕೂತಳು. ಈ ಇಬ್ಬರೂ ಚೀನಾಕ್ಕೆ ಮರಳಿ ಹಳೆಯ ಮರದ ಕಟ್ಟಡಗಳನ್ನು ಹುಡುಕುತ್ತ, ತೊಲೆ ತೊಲೆ ಅಳೆಯುತ್ತ ಊರೂರು ಅಲೆದರು. 1937ರಲ್ಲಿ ಫೊಗುವಾಂಗ್ ದೇವಾಲಯದ ಅಟ್ಟ ಹತ್ತಿ, ತೊಲೆಗಳ ಮೇಲಿನ ಬರಹ ಓದಿ, ಅದು 857ನೇ ಇಸವಿಯದು ಅಂತ ತೋರಿಸಿಕೊಟ್ಟರು. ಟಾಗೋರರಿಂದಲೇ ಇದೆಲ್ಲ ಆಯ್ತು ಅಂತ ನಾವು ಹೇಳ್ತಿಲ್ಲ. ಕಲೆಯ ಬಾಗಿಲಿನಿಂದ ಒಳಹೋಗಿ ಸ್ಟ್ರಕ್ಚರ್ ಕಲಿತ ಒಬ್ಬಳು ಆ ವೇದಿಕೆ ಮೇಲಿದ್ದಳು, ಸಿವಿಲ್ ಬ್ರ್ಯಾಂಚಿನವರಿಗೆ ಗೊತ್ತಿರಲಿ ಅಂತ ಬರೆದೆವು.

ನಮಗೆ ಎಲ್ಲಕ್ಕಿಂತ ಇಷ್ಟವಾಗಿದ್ದು 1927ರ ಜಾವಾ ಪ್ರವಾಸ. ಜುಲೈ ತಿಂಗಳಲ್ಲಿ ಮದ್ರಾಸಿನಿಂದ ಹೊರಟ ತಂಡದಲ್ಲಿ ಭಾಷಾವಿಜ್ಞಾನಿ ಸುನೀತಿಕುಮಾರ ಚಟರ್ಜಿ, ಕಲಾವಿದರಾದ ಸುರೇಂದ್ರನಾಥ ಕರ್ ಮತ್ತು ಧೀರೇಂದ್ರಕೃಷ್ಣ ದೇವವರ್ಮ ಇದ್ದರು. ಸಿಂಗಪುರ, ಮಲಯಾ, ಜಾವಾ, ಬಾಲಿ, ಕೊನೆಗೆ ಸಯಾಮ್. ಮಲಯಾದಲ್ಲಿ ಊರೂರಿಗೆ ಭಾಷಣ, ಅದರಿಂದ ವಿಶ್ವಭಾರತಿಗೆ ಒಂದಿಷ್ಟು ಚಂದಾ. ಜಾವಾ, ಬಾಲಿಯಲ್ಲಿ ನೋಡುವ ಕೆಲಸ.

ಬಾಲಿಯ ಹಳ್ಳಿಗಳ ಪೂಜೆ, ಬೊರೊಬುದೂರಿನ ಸ್ತೂಪ, ಸುರಕರ್ತದ ಅರಮನೆಯ ನಾಟ್ಯ, ಗಮೆಲಾನ್ ವಾದ್ಯಮೇಳ. ರಾತ್ರಿಯಿಡೀ ನಡೆಯುವ ವಾಯಾಂಗ್ ನೆರಳುಗೊಂಬೆಯಾಟದಲ್ಲಿ ಅರ್ಜುನನೂ ಭೀಮನೂ ಜಾವಾ ಭಾಷೆಯಲ್ಲಿ ಮಾತಾಡ್ತಿದ್ದರು. ನಮ್ಮ ತೊಗಲುಗೊಂಬೆ ಆಟ ನೋಡಿದವರಿಗೆ ಅದು ದೂರದ ದಾಯಾದಿಯ ಮನೆಗೆ ಹೋದ ಹಾಗಿರುತ್ತೆ. ಸುನೀತಿಕುಮಾರರು ಪದಗಳ ಹಿಂದೆ ಬಿದ್ದರು: ಸಂಸ್ಕೃತದ ಯಾವ ಶಬ್ದ ಇಲ್ಲಿ ಹೇಗೆ ತಿರುಗಿದೆ, ಯಾವ ಹೆಸರು ಹೇಗೆ ಉಳಿದಿದೆ. ಮುಂದೆ ಇಡೀ ಪ್ರವಾಸದ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. ಟಾಗೋರರನ್ನು ಹಿಡಿದು ನಿಲ್ಲಿಸಿದ್ದು ನಾಟ್ಯ. ಅಲ್ಲಿ ಕಥೆಯನ್ನು ಹೊರುವುದು ಮೈಯ ಚಲನೆ. ಯುದ್ಧವೂ ದುಃಖವೂ ಕುಣಿತದಲ್ಲೇ ನಡೆದುಹೋಗುತ್ತೆ. ಹತ್ತು ವರ್ಷದ ನಂತರ ಚಿತ್ರಾಂಗದಾ, ಚಂಡಾಲಿಕಾ, ಶ್ಯಾಮಾ ನೃತ್ಯನಾಟಕಗಳನ್ನು ಮಾಡುವಾಗ ಆ ನೋಟ ಕೆಲಸಕ್ಕೆ ಬಂತು.

ಸುರೇಂದ್ರನಾಥ ಕರ್ ಬಾತಿಕ್ ಹಿಡಿದುಕೊಂಡು ಬಂದರು. ಬಿಸಿ ಮೇಣವನ್ನು ಸಣ್ಣ ತಾಮ್ರದ ಕೊಳವೆಯಿರುವ ಲೇಖನಿಯಿಂದ ಬಟ್ಟೆಯ ಮೇಲೆ ಎಳೆದು, ಬಣ್ಣದಲ್ಲಿ ಅದ್ದಿದರೆ ಮೇಣ ಇರುವ ಕಡೆ ಬಣ್ಣ ಹತ್ತಲ್ಲ. ಮೇಣ ಕರಗಿಸಿ ತೆಗೆದು, ಮತ್ತೆ ಬೇರೆ ಕಡೆ ಹಚ್ಚಿ, ಇನ್ನೊಂದು ಬಣ್ಣ. ಒಂದೊಂದು ಪದರಕ್ಕೆ ಒಂದೊಂದು ಮಾಸ್ಕ್. ಚಿಪ್ ತಯಾರಿಸುವ ಫ್ಯಾಬ್‌ನಲ್ಲಿ ಫೋಟೋರೆಸಿಸ್ಟ್ ಮಾಡೋದೂ ಹೆಚ್ಚುಕಡಿಮೆ ಇದೇ ಕೆಲಸ, ಅಳತೆ ಮಾತ್ರ ನ್ಯಾನೋಮೀಟರ್. ಈ ಬಾತಿಕ್ ಶಾಂತಿನಿಕೇತನ, ಶ್ರೀನಿಕೇತನಗಳಲ್ಲಿ ಬೇರೂರಿತು, ಬಟ್ಟೆಯಿಂದ ಚರ್ಮಕ್ಕೂ ದಾಟಿತು. ರಥೀಂದ್ರ ಮತ್ತು ಅವರ ಹೆಂಡತಿ ಪ್ರತಿಮಾದೇವಿ ಯುರೋಪಿನಿಂದ ಚರ್ಮದ ಕೆಲಸ ಕಲಿತು ತಂದಿದ್ದರು. ಎರಡೂ ಸೇರಿ ಇವತ್ತಿನ ಶಾಂತಿನಿಕೇತನ ಬ್ಯಾಗ್ ಆಯ್ತು. ಜಿಐ ಟ್ಯಾಗ್ ಕೂಡ ಸಿಕ್ಕಿದೆ. ನಮ್ಮ ಹಾಸ್ಟೆಲಿನ ಬಂಗಾಳಿ ಗೆಳೆಯರ ಹತ್ತಿರ ಒಂದಾದರೂ ಇರುತ್ತೆ, ಕೇಳಿ ನೋಡಿ. ಹೇಳೋದು ಮರೆತೆವು, ಈ ಸುರೇಂದ್ರನಾಥ ಕರ್ ವಾಸ್ತುಶಿಲ್ಪ ಓದಿದವರೇ ಅಲ್ಲ. ಆದರೂ ಶಾಂತಿನಿಕೇತನದ ಎಷ್ಟೋ ಕಟ್ಟಡಗಳ ವಿನ್ಯಾಸ ಅವರದೇ.

ಇದೇ ಪ್ರವಾಸದಲ್ಲಿ ಸಿಂಗಪುರದಲ್ಲಿ ತಾನ್ ಯುನ್‌ಷಾನ್ ಅನ್ನೋ ಚೀನೀ ಯುವಕ ಟಾಗೋರರನ್ನು ಭೇಟಿಯಾದ. ಮರುವರ್ಷ ಶಾಂತಿನಿಕೇತನಕ್ಕೆ ಬಂದ, 1937ರಲ್ಲಿ ಚೀನಾಭವನ ಕಟ್ಟಿಸಿ ನಿಲ್ಲಿಸಿದ. 1924ರಲ್ಲಿ ಕರಪತ್ರ ಎದುರಿಸಿದ ಪ್ರವಾಸದಿಂದ ಸಿಗದೇ ಹೋದದ್ದು, ಹೀಗೆ ದಾರಿಯಲ್ಲಿ ಸಿಕ್ಕಿತು.

ಎಲ್ಲಿ ಎಡವಿದರು ಅನ್ನೋದನ್ನೂ ಹೇಳಬೇಕು. 1925ರಲ್ಲಿ ಇಟಲಿಯಿಂದ ಫೋರ್ಮಿಕಿ ಮತ್ತು ತುಚ್ಚಿ ಅನ್ನೋ ಇಬ್ಬರು ವಿದ್ವಾಂಸರು ಶಾಂತಿನಿಕೇತನಕ್ಕೆ ಬಂದರು, ಜೊತೆಗೆ ಪುಸ್ತಕಗಳ ದೊಡ್ಡ ಉಡುಗೊರೆ. ಕಳಿಸಿದ್ದು ಮುಸೊಲಿನಿಯ ಸರ್ಕಾರ. ಯಾವಾಗಲೂ ದುಡ್ಡಿನ ತಾಪತ್ರಯದಲ್ಲಿದ್ದ ಸಂಸ್ಥೆಗೆ ಅದು ಬಂಪರ್. 1926ರಲ್ಲಿ ಟಾಗೋರ್ ಆ ಸರ್ಕಾರದ ಅತಿಥಿಯಾಗಿ ಇಟಲಿಗೆ ಹೋದರು, ಮುಸೊಲಿನಿಯನ್ನು ಭೇಟಿಯಾದರು, ಒಳ್ಳೆಯ ಮಾತಾಡಿದರು. ಪತ್ರಿಕೆಗಳು ಅದನ್ನು ಊದಿ ಬಳಸಿಕೊಂಡವು. ಅಲ್ಲಿಂದ ಸ್ವಿಟ್ಜರ್ಲೆಂಡಿಗೆ ಹೋದಾಗ ರೊಮೇನ್ ರೋಲಾ ಅಲ್ಲಿನ ನಿಜಸ್ಥಿತಿ ತಿಳಿಸಿಕೊಟ್ಟರು, ದೇಶ ಬಿಟ್ಟು ಓಡಿಬಂದವರ ಕಥೆ ಕಿವಿಗೆ ಬಿತ್ತು. ಟಾಗೋರ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯಲ್ಲಿ ಫ್ಯಾಸಿಸಂ ವಿರುದ್ಧ ಬಹಿರಂಗವಾಗಿ ಬರೆದರು. ಇಟಲಿ ತನ್ನ ಪ್ರಾಧ್ಯಾಪಕರನ್ನು ವಾಪಸ್ ಕರೆಸಿಕೊಂಡಿತು. ಜಪಾನಿನಲ್ಲಿ 1916ರಲ್ಲಿ ರಾಷ್ಟ್ರೀಯತೆಯ ಅಮಲನ್ನು ಅತಿಥೇಯರ ಮುಖಕ್ಕೇ ಟೀಕಿಸಿದ್ದ ಮನುಷ್ಯ ಹತ್ತು ವರ್ಷದ ನಂತರ ಇಲ್ಲಿ ಹೇಗೆ ಮೋಸಹೋದರು ಅಂತ ನಮಗೆ ಇವತ್ತಿಗೂ ಆಶ್ಚರ್ಯ. ಸ್ಪಾನ್ಸರ್ ಯಾರು ಅಂತ ಕೇಳೋದು ಫೆಸ್ಟ್ ನಡೆಸುವ ನಮಗೂ ಮುಜುಗರದ ಪ್ರಶ್ನೆ, ನಿಜ ಹೇಳಬೇಕಂದ್ರೆ ನಾವೂ ಕೇಳಲ್ಲ.

1928ರಲ್ಲಿ ಬೆಂಗಳೂರಿಗೂ ಬಂದಿದ್ದರು. ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲರ ಅತಿಥಿ. ಶೇಷೇರ್ ಕವಿತಾ ಕಾದಂಬರಿ ಮುಗಿದದ್ದು ಇಲ್ಲಿಯೇ. ಅದೇ ಕಾಲಕ್ಕೆ ಅರವತ್ತು ದಾಟಿದ ಮೇಲೆ ಹತ್ತಿದ ಚಿತ್ರ ಬರೆಯುವ ಹುಚ್ಚು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಮೊದಲ ಪ್ರದರ್ಶನ ಆಯಿತು. ವಯಸ್ಸಾದ ಮೇಲೂ ನೃತ್ಯತಂಡ ಕಟ್ಟಿಕೊಂಡು ಊರೂರು ತಿರುಗಿ ವಿಶ್ವಭಾರತಿಗೆ ಹಣ ಸೇರಿಸುತ್ತಿದ್ದರು. 1936ರಲ್ಲಿ ಆ ಸ್ಥಿತಿ ನೋಡಲಾರದೆ ಗಾಂಧೀಜಿ 60,000 ರೂಪಾಯಿ ಕೊಡಿಸಿ ತಿರುಗಾಟ ನಿಲ್ಲಿಸಿದರು. ಕೊನೆಯ ವರ್ಷಗಳಲ್ಲಿ ಶಾಂತಿದೇವ ಘೋಷ್ ಅನ್ನೋ ಶಿಷ್ಯನನ್ನು ಕಥಕ್ಕಳಿಗೆ ಕೇರಳಕ್ಕೆ, ಕ್ಯಾಂಡಿ ನಾಟ್ಯಕ್ಕೆ ಸಿಂಹಳಕ್ಕೆ, ಆಮೇಲೆ ಜಾವಾ ಬಾಲಿಗೆ ಕಳಿಸಿದರು. ತಾವು ಹೋಗುವ ಶಕ್ತಿ ಇರಲಿಲ್ಲ.

ಸಿಂಹಳಕ್ಕೆ ಅವರ ಕೊನೆಯ ಭೇಟಿ 1934ರಲ್ಲಿ. ಹೊರಾಣದಲ್ಲಿ ಶಾಂತಿನಿಕೇತನದ ಮಾದರಿಯ ಶ್ರೀಪಾಲೀ ಸಂಸ್ಥೆಗೆ ಅಡಿಗಲ್ಲು ಇಟ್ಟರು. ಎರಡು ವರ್ಷದ ನಂತರ ಅದೇ ದೇಶದಿಂದ ಆನಂದ ಸಮರಕೋನ್ ಅನ್ನೋ ಯುವಕ ಚಿತ್ರ ಮತ್ತು ಸಂಗೀತ ಕಲಿಯಲು ಶಾಂತಿನಿಕೇತನಕ್ಕೆ ಬಂದ. ಆರು ತಿಂಗಳಲ್ಲೇ ಕೋರ್ಸ್ ಬಿಟ್ಟು, ಡಿಗ್ರಿ ಇಲ್ಲದೆ ಊರಿಗೆ ಹೋದ. 1940ರಲ್ಲಿ ನಮೋ ನಮೋ ಮಾತಾ ಅನ್ನೋ ಹಾಡು ಕಟ್ಟಿದ.

ಟಾಗೋರ್ 1941ರ ಆಗಸ್ಟ್ 7ರಂದು, ಹುಟ್ಟಿದ ಅದೇ ಜೋಡಾಸಾಂಕೋ ಮನೆಯಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ, 1951ರಲ್ಲಿ, ಸಮರಕೋನ್ ಹಾಡು ಆ ದೇಶದ ರಾಷ್ಟ್ರಗೀತೆಯಾಯಿತು. ಅದೇ ವರ್ಷ ವಿಶ್ವಭಾರತಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಅದರ ಮೊದಲ ಉಪಾಚಾರ್ಯರಾಗಿ ಕೂತವರು ಇಲಿನಾಯ್‌ನಲ್ಲಿ ಕೃಷಿ ಓದಿ ಬಂದಿದ್ದ ರಥೀಂದ್ರನಾಥ.